ಮೊದಲೇ ತಿಳಿಸಿದ ರಜೆಗೆ ಶಾಲೆಯಿಂದ ಒಂದು ಸಾಲಿನ ಉತ್ತರ ಬರಲಿ

ಮಾನ್ಯ ಸಂಪಾದಕರೇ,

ಮಗು ಮುಂದಿನ ವಾರ ಎರಡು ಮೂರು ದಿನ ಶಾಲೆಗೆ ಬರುವುದಿಲ್ಲ ಎಂಬುದನ್ನು ಮುಂಚಿತವಾಗಿ ಇಮೇಲ್ ಮಾಡಿ ತಿಳಿಸುವ ಪೋಷಕರು ಈಗ ಪಟ್ಟಣಗಳಲ್ಲಿ ಮಾತ್ರವಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಇದ್ದಾರೆ. ಆದರೆ ಆ ಮೇಲ್ ಯಾರ ಕೈಸೇರಬೇಕು, ಅದನ್ನು ರಜಾ ಅರ್ಜಿಯೆಂದು ಪರಿಗಣಿಸಬೇಕೆ ಬೇಡವೆ, ಅದಕ್ಕೆ ಉತ್ತರ ಕೊಡುವ ಹೊಣೆ ಯಾರದು ಎಂಬ ಬಗ್ಗೆ ನಾನು ಬಲ್ಲ ಹೆಚ್ಚಿನ ಶಾಲೆಗಳಲ್ಲಿ ಯಾವ ವ್ಯವಸ್ಥೆಯೂ ಇಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿ, ಈಗ ಮೊಮ್ಮಗನ ಶಾಲಾ ಡೈರಿಗೆ ಆಗಾಗ ಸಹಿ ಹಾಕುವ ಕೆಲಸವನ್ನು ಹಚ್ಚಿಕೊಂಡಿರುವ ನನಗೆ ಮೇಜಿನ ಎರಡೂ ಬದಿಯ ಅನುಭವ ಇರುವುದರಿಂದ, ಈ ಸಣ್ಣ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಶಾಲೆಗಳ ಮತ್ತು ಶಿಕ್ಷಣ ಇಲಾಖೆಯ ಗಮನಕ್ಕೆ ತರಬಯಸುತ್ತೇನೆ.

ನಮ್ಮಲ್ಲಿ ರಜಾ ಅರ್ಜಿ ಎಂದರೆ ರಜೆ ಮುಗಿದ ಮೇಲೆ ಬರೆಯುವ ಕಾಗದ. ಮಗು ಮೂರು ದಿನ ಬಾರದೆ ನಾಲ್ಕನೆಯ ದಿನ ಬರುವಾಗ, ಹೊಲಿಗೆ ಸಡಿಲವಾಗದಂತೆ ನೋಟ್‌ಬುಕ್ಕಿನ ನಟ್ಟನಡುವಿನ ಜೋಡಿ ಹಾಳೆಯನ್ನು ಬಿಡಿಸಿ, ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ’ ಎಂದು ಆರಂಭಿಸಿ, ‘ನನಗೆ ತೀವ್ರ ಜ್ವರವಿದ್ದ ಕಾರಣ’ ಎಂದು ಮುಂದುವರಿಸಿ, ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಮುಗಿಸಿದ ಅರ್ಜಿಯನ್ನು ಮೇಜಿನ ಮೇಲಿಡುತ್ತದೆ. ಮದುವೆಗೆ ಹೋಗಿದ್ದರೂ ಜ್ವರವೇ, ಊರ ಜಾತ್ರೆಗೆ ಹೋಗಿದ್ದರೂ ಜ್ವರವೇ. ಅಂಗೈಯಲ್ಲಿ ಮದರಂಗಿ ಇನ್ನೂ ಕೆಂಪಾಗಿರುವಾಗಲೇ ಜ್ವರದ ಅರ್ಜಿ ಕೊಟ್ಟ ಹುಡುಗಿಯರನ್ನು ನಾನು ಪ್ರತಿವರ್ಷ ಕಂಡಿದ್ದೇನೆ. ಅವರು ಸುಳ್ಳುಗಾರರೆಂದು ನನಗೆ ಎಂದೂ ಅನಿಸಲಿಲ್ಲ. ಆ ಅರ್ಜಿ ಕ್ಷಮೆ ಕೇಳುವ ಕಾಗದವಾಗಿರುವುದರಿಂದ, ಕ್ಷಮೆ ಸಿಗುವಂಥ ಕಾರಣವನ್ನೇ ಅವರು ಬರೆಯುತ್ತಿದ್ದರು, ಅಷ್ಟೆ.

ಜ್ವರ ಹೇಳಿಕೇಳಿ ಬರುವುದಿಲ್ಲ, ನಿಜ. ಆದರೆ ಮಕ್ಕಳು ಶಾಲೆ ತಪ್ಪಿಸುವ ಕಾರಣಗಳಲ್ಲಿ ಎಷ್ಟೋ ಮೊದಲೇ ಗೊತ್ತಿರುವಂಥವು. ಕಾರ್ತಿಕ, ಮಾರ್ಗಶಿರ, ಮಾಘದ ಮದುವೆಗಳ ಲಗ್ನಪತ್ರಿಕೆ ತಿಂಗಳ ಮೊದಲೇ ಮನೆಗೆ ಬಂದಿರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯ ದಿನಾಂಕ ಆ ಸೀಮೆಯವರಿಗೆಲ್ಲ ಮುಂಚೆಯೇ ತಿಳಿದಿರುತ್ತದೆ. ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ವೈದ್ಯರು ದಿನ ಕೊಟ್ಟಿರುತ್ತಾರೆ. ಪಾಸ್‌ಪೋರ್ಟ್ ಕಚೇರಿಯಲ್ಲಿ ಹಾಜರಾಗಬೇಕಾದ ದಿನ ನಿಗದಿಯಾಗಿರುತ್ತದೆ. ಅಜ್ಜನ ವರ್ಷಾಬ್ದಿಕದ ತಿಥಿಯನ್ನು ಪಂಚಾಂಗ ನೋಡಿ ಗುರುತು ಹಾಕಿಕೊಂಡಿರುತ್ತಾರೆ. ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಹೋಗುವ ಮಗುವಿಗಂತೂ ವೇಳಾಪಟ್ಟಿಯೇ ಕೈಯಲ್ಲಿರುತ್ತದೆ. ಇಂಥ ಗೈರುಹಾಜರಿಯನ್ನೂ ಹಿಂದಿನ ರಾತ್ರಿ ಕಾಣಿಸಿಕೊಂಡ ವಾಂತಿಭೇದಿಯನ್ನೂ ಒಂದೇ ಅಚ್ಚಿನ ಅರ್ಜಿಯಲ್ಲಿ, ಎಲ್ಲ ಮುಗಿದ ಮೇಲೆ ತಿಳಿಸುವ ರೂಢಿಯಿಂದ ಶಿಕ್ಷಕರಿಗೂ ಲಾಭವಿಲ್ಲ, ಮಗುವಿಗೂ ಲಾಭವಿಲ್ಲ.

ಮೊದಲೇ ತಿಳಿದರೆ ಶಿಕ್ಷಕರು ಏನು ಮಾಡಬಲ್ಲರು ಎಂದು ಕೆಲವರು ಕೇಳಬಹುದು. ನನ್ನ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಆರಂಭಿಸುವ ದಿನ ಅಭಿಮುಖ ಬಾಹು, ಪಾರ್ಶ್ವ ಬಾಹು, ವಿಕರ್ಣ ಎಂದು ಹೆಸರಿಸಿ, ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್ ಎಂದು ಹೇಳಿಕೊಡುತ್ತೇವೆ. ಕೋನ ಬದಲಾದರೆ ಅಭಿಮುಖ ಬಾಹು ಯಾವುದೆಂಬುದೂ ಬದಲಾಗುತ್ತದೆ ಎಂಬ ಅಂಶವನ್ನು ಕಪ್ಪುಹಲಗೆಯ ಮೇಲೆ ತ್ರಿಭುಜವನ್ನು ತಿರುಗಿಸಿ ತಿರುಗಿಸಿ ಬರೆದು ತೋರಿಸಬೇಕಾಗುತ್ತದೆ. ಆ ಒಂದು ಅವಧಿ ತಪ್ಪಿಸಿಕೊಂಡ ಮಗುವಿಗೆ ಮುಂದಿನ ಎರಡು ವಾರದ ಪಾಠ ಬರೀ ಅಕ್ಷರಗಳ ಸಾಲು. ಅದೇ ಮಗು ಡಿಸೆಂಬರಿನ ಪುನರಾವರ್ತನೆಯ ದಿನಗಳಲ್ಲಿ ಒಂದು ವಾರ ಬಾರದಿದ್ದರೂ ಅಷ್ಟು ನಷ್ಟವಿಲ್ಲ. ಯಾವ ದಿನ ತಪ್ಪಿದರೆ ಎಷ್ಟು ನಷ್ಟ ಎಂಬುದು ಪೋಷಕರಿಗೆ ತಿಳಿಯುವುದಿಲ್ಲ. ಪಾಠ ಯೋಜನೆ ಎದುರಿಗಿಟ್ಟುಕೊಂಡ ಶಿಕ್ಷಕರಿಗೆ ಮಾತ್ರ ತಿಳಿಯುತ್ತದೆ. ‘ಮದುವೆಗೆ ಒಂದು ದಿನ ತಡವಾಗಿ ಹೊರಡಲು ಸಾಧ್ಯವಾದರೆ ಮಂಗಳವಾರದ ಪಾಠ ಸಿಗುತ್ತದೆ’ ಎಂದು ಅವರು ಒಂದು ಸಾಲು ಬರೆದರೆ, ಅನೇಕ ಮನೆಗಳಲ್ಲಿ ಆ ಮಾತಿಗೆ ಬೆಲೆ ಸಿಗುತ್ತದೆ. ವಿಜ್ಞಾನದ ಪ್ರಯೋಗ, ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಚಟುವಟಿಕೆ, ನಾಲ್ಕು ಮಕ್ಕಳ ಗುಂಪಿಗೆ ಕೊಟ್ಟ ಯೋಜನಾ ಕಾರ್ಯ, ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಎಸ್‌ಎಸ್‌ಎಲ್‌ಸಿಯ ಹೆಚ್ಚಿನ ವಿಷಯಗಳಲ್ಲಿ ತಲಾ 20 ಅಂಕಗಳು ಆಂತರಿಕ ಮೌಲ್ಯಮಾಪನದಿಂದ ಬರುವಾಗ ಯಾವ ದಿನ ಏನು ನಡೆಯುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಇದಕ್ಕಿಂತಲೂ ಮುಖ್ಯವಾದ, ಆದರೆ ನಾವು ಅಷ್ಟಾಗಿ ಯೋಚಿಸದ ಇನ್ನೊಂದು ಕಾರಣ ಮಗುವಿನ ಸುರಕ್ಷತೆ. ಮೊದಲ ಅವಧಿಯಲ್ಲಿ ಹಾಜರಿ ಪುಸ್ತಕ ತೆರೆದು ಸಂಖ್ಯೆ ಕೂಗುತ್ತಾ ಹೋಗುವಾಗ ಒಂದು ಸಂಖ್ಯೆಗೆ ಉತ್ತರ ಬರುವುದಿಲ್ಲ. ‘ಅವನು ಊರಿಗೆ ಹೋಗಿದಾನೆ ಸಾರ್’ ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳುತ್ತಾನೆ. ‘ಇಲ್ಲ ಸಾರ್, ಬೆಳಿಗ್ಗೆ ಬಸ್‌ಸ್ಟ್ಯಾಂಡಲ್ಲಿ ನೋಡಿದೆ’ ಎಂದು ಇನ್ನೊಬ್ಬ. ಶಿಕ್ಷಕರು ಗೈರು ಎಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತಾರೆ, ಏಕೆಂದರೆ ಅಡುಗೆಮನೆಗೆ ಬಿಸಿಯೂಟದ ಸಂಖ್ಯೆ ಕಳುಹಿಸಬೇಕಾಗಿರುತ್ತದೆ ಮತ್ತು ಪಾಠ ಶುರುವಾಗಬೇಕಾಗಿರುತ್ತದೆ. ಆ ದಿನ ತರಗತಿಯಲ್ಲಿ ಆರು ಮಕ್ಕಳು ಗೈರಾಗಿದ್ದು, ಅವರಲ್ಲಿ ಯಾರ ಮನೆಯಿಂದಲೂ ಸೂಚನೆ ಬಂದಿರದಿದ್ದರೆ ಆರೂ ಮನೆಗೆ ಫೋನ್ ಮಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಐವರ ಬಗ್ಗೆ ಮುಂಚಿತವಾಗಿ ತಿಳಿದಿದ್ದರೆ ಆರನೆಯ ಮಗುವಿನ ಮನೆಗೆ ಮಾತ್ರ ಹತ್ತು ಗಂಟೆಯೊಳಗೆ ಫೋನ್ ಹೋಗುತ್ತದೆ. ಮನೆಯಿಂದ ಹೊರಟ ಮಗು ಶಾಲೆ ತಲುಪಿಲ್ಲ ಎಂಬುದು ಸಂಜೆ ಐದಕ್ಕೆ ತಿಳಿಯುವುದಕ್ಕೂ ಬೆಳಿಗ್ಗೆ ಹತ್ತಕ್ಕೆ ತಿಳಿಯುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಮಕ್ಕಳಿರುವ ಮನೆಯವರಿಗೆ ವಿವರಿಸಬೇಕಾಗಿಲ್ಲ.

ಇನ್ನು ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಶಾಲೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಇಂಥದ್ದು ಯಾವ ಶಾಲೆಯಲ್ಲಾದರೂ ಆಗಬಹುದು. ಕುಟುಂಬದ ಕಾರ್ಯವೊಂದಕ್ಕೆ ಊರಿಗೆ ಹೋಗಬೇಕಾಗಿದ್ದರಿಂದ ನನ್ನ ಮಗ ಸಾಕಷ್ಟು ಮೊದಲೇ, ಡೈರಿಯ ಮೊದಲ ಪುಟದಲ್ಲಿ ಅಚ್ಚಾಗಿದ್ದ ವಿಳಾಸಕ್ಕೆ ಇಮೇಲ್ ಕಳುಹಿಸಿದ್ದ. ಉತ್ತರ ಬರಲಿಲ್ಲ, ಬಂದಿಲ್ಲವೆಂದರೆ ಒಪ್ಪಿದ್ದಾರೆ ಎಂದು ಅವನು ಭಾವಿಸಿದ. ಹಿಂದಿರುಗಿ ಬಂದಾಗ ಆ ವಾರದಲ್ಲಿ ಎರಡು ವಿಷಯಗಳ ಎಫ್‌ಎ ಕಿರುಪರೀಕ್ಷೆ ಮುಗಿದಿತ್ತು, ಅಂಕಪಟ್ಟಿಯಲ್ಲಿ ಮೊಮ್ಮಗನ ಹೆಸರಿನ ಮುಂದೆ ಗೈರು ಎಂದು ಬರೆದಾಗಿತ್ತು. ‘ಹೇಳದೆ ಕೇಳದೆ ಹೋದರೆ ಹೇಗೆ’ ಎಂದು ತರಗತಿ ಶಿಕ್ಷಕಿ ಕೇಳಿದ್ದು ಅವರ ಮಟ್ಟಿಗೆ ಸರಿಯೇ ಆಗಿತ್ತು, ಏಕೆಂದರೆ ಆ ಮೇಲ್ ಅವರನ್ನು ತಲುಪಿಯೇ ಇರಲಿಲ್ಲ. ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು: ಆ ಇಮೇಲ್ ಖಾತೆಯನ್ನು ತೆರೆದಿದ್ದ ಕಚೇರಿ ಸಿಬ್ಬಂದಿ ಕೆಲಸ ಬಿಟ್ಟು ಹೋಗಿದ್ದರು, ಪಾಸ್‌ವರ್ಡ್ ಕೂಡ ಅವರೊಂದಿಗೇ ಹೋಗಿತ್ತು, ವಿಳಾಸ ಮಾತ್ರ ವರ್ಷವರ್ಷವೂ ಡೈರಿಯಲ್ಲಿ ಅಚ್ಚಾಗುತ್ತಲೇ ಇತ್ತು. ಆ ಶಿಕ್ಷಕಿ ಒಳ್ಳೆಯವರು. ಹುಡುಗನಿಗೆ ಮತ್ತೊಮ್ಮೆ ಪರೀಕ್ಷೆ ಬರೆಯಲು ಅವಕಾಶ ಕೊಟ್ಟರು. ಆದರೆ ಮೂವತ್ತು ನಲವತ್ತು ಮಕ್ಕಳ ತರಗತಿಯಲ್ಲಿ ಇಂಥ ಪ್ರತ್ಯೇಕ ಪರೀಕ್ಷೆಗಳನ್ನು ಶಿಕ್ಷಕರ ಒಳ್ಳೆಯತನದ ಮೇಲೆ ಬಿಡುವುದು ನ್ಯಾಯವಲ್ಲ.

ಇಮೇಲ್ ಬೇಡ, ಸಹಿ ಮಾಡಿದ ಕಾಗದವನ್ನೇ ತನ್ನಿ ಎಂದು ಪಟ್ಟು ಹಿಡಿಯುವ ಶಾಲೆಗಳೂ ಇವೆ. ದಾಖಲೆಗೆ ಬೇಕು ಎಂಬುದು ಅವರ ವಾದ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ನೇ ಇಸವಿಯಲ್ಲೇ ಜಾರಿಗೆ ಬಂದಿದೆ. ಕಾನೂನಿನ ಪ್ರಕಾರ ಲಿಖಿತವಾಗಿ ಇರಬೇಕಾದ ಮಾಹಿತಿಯು ವಿದ್ಯುನ್ಮಾನ ರೂಪದಲ್ಲಿದ್ದು, ಮುಂದೆ ತೆಗೆದು ನೋಡಲು ಸಿಗುವಂತಿದ್ದರೆ ಸಾಕು ಎಂದು ಅದರ 4ನೇ ಸೆಕ್ಷನ್ ಹೇಳುತ್ತದೆ. ನ್ಯಾಯಾಲಯಗಳೂ ಬ್ಯಾಂಕುಗಳೂ ಒಪ್ಪುವ ಬರಹದ ರೂಪವನ್ನು ಏಳನೇ ತರಗತಿಯ ಹುಡುಗನ ಮೂರು ದಿನದ ರಜೆಗೆ ಒಪ್ಪಲಾಗದು ಎನ್ನುವುದು ಸ್ವಲ್ಪ ಅತಿಯಾಯಿತು. ಅಷ್ಟಕ್ಕೂ ಅಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಹಾಕಬಲ್ಲ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇದ್ದರು, ಈಗಲೂ ಇದ್ದಾರೆ. ಅಮ್ಮನ ಮೊಬೈಲಿನ ಲಾಕ್ ತೆಗೆಯಬಲ್ಲ ಮಕ್ಕಳೂ ಇದ್ದಾರೆ ಎಂಬುದು ಸತ್ಯವೇ. ಅದಕ್ಕಾಗಿ ದಾಖಲಾತಿಯ ಸಮಯದಲ್ಲೇ ಪೋಷಕರ ಇಮೇಲ್ ವಿಳಾಸವನ್ನು ಬರೆಸಿಕೊಳ್ಳಬೇಕು, ಆ ವಿಳಾಸದಿಂದ ಬಂದದ್ದನ್ನು ಮಾತ್ರ ಪರಿಗಣಿಸಬೇಕು, ಅನುಮಾನ ಬಂದಾಗ ಒಂದು ಫೋನ್ ಮಾಡಬೇಕು.

ಈಗ ಹೆಚ್ಚಿನವರು ಇಮೇಲ್ ಬಿಟ್ಟು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೇ ರಜೆ ಹೇಳುತ್ತಾರೆ. ಸುಲಭ ಎಂಬ ಒಂದು ಗುಣ ಬಿಟ್ಟರೆ ಈ ರೂಢಿಯಲ್ಲಿ ನನಗೆ ಬೇರೇನೂ ಒಳ್ಳೆಯದು ಕಾಣುವುದಿಲ್ಲ. ಬೆಳಗಿನ ಶುಭೋದಯದ ಹೂವುಗಳು, ಯೂನಿಫಾರ್ಮ್ ಬಗೆಗಿನ ಪ್ರಶ್ನೆಗಳು, ಇಪ್ಪತ್ತು ಹೆಬ್ಬೆಟ್ಟಿನ ಗುರುತುಗಳ ನಡುವೆ ‘ನನ್ನ ಮಗ ನಾಳೆ ಬರುವುದಿಲ್ಲ ಮಿಸ್’ ಎಂಬ ಸಾಲು ಮುಳುಗಿಹೋಗುತ್ತದೆ. ಅದು ಹಾಗಿರಲಿ. ಮಗುವಿನ ರಜೆಯ ಕಾರಣವನ್ನು ನಲವತ್ತು ಮನೆಯವರು ಓದಬೇಕಾದ ಅಗತ್ಯವೇನು? ಮೊದಲ ಸಲ ಮುಟ್ಟಾದ ಹುಡುಗಿ, ಮೂರ್ಛೆರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ಹುಡುಗ, ತಂದೆ ತಾಯಿಯ ವಿಚ್ಛೇದನದ ಪ್ರಕರಣದಲ್ಲಿ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಬೇಕಾದ ಮಗು, ಇವರ ವಿಷಯ ಗುಂಪಿಗೆ ಬಿದ್ದರೆ ಮರುದಿನ ಊಟದ ಬಿಡುವಿನಲ್ಲಿ ಅದು ಮಕ್ಕಳ ಬಾಯಿಗೆ ಬರುತ್ತದೆ. ಗುಂಪಿನಲ್ಲಿ ‘ಯಾಕೆ, ಏನಾಯಿತು’ ಎಂದು ಮರುಪ್ರಶ್ನೆ ಕೇಳುವ ಶಿಕ್ಷಕರೂ ಇದ್ದಾರೆ; ಕಾಳಜಿಯಿಂದಲೇ ಕೇಳುತ್ತಾರೆ, ಆದರೆ ಕೇಳಬಾರದ ಜಾಗದಲ್ಲಿ ಕೇಳುತ್ತಾರೆ. ಇನ್ನು ಶಿಕ್ಷಕರ ಸ್ವಂತ ಸಂಖ್ಯೆಗೆ ಕಳುಹಿಸಿದ ಸಂದೇಶವಾದರೋ, ಆ ಶಿಕ್ಷಕರು ವರ್ಗವಾದರೆ ಅಥವಾ ಫೋನ್ ಬದಲಿಸಿದರೆ ಅಲ್ಲಿಗೆ ಮುಗಿಯಿತು. ಶಾಲೆಯ ಅಧಿಕೃತ ವಿಳಾಸಕ್ಕೆ ಬಂದ ಮೇಲ್ ಮಾತ್ರ ಶಾಲೆಯ ಬಳಿಯೇ ಉಳಿಯುತ್ತದೆ.

ಇಮೇಲ್ ಎಂದೊಡನೆ ಇಂಗ್ಲಿಷ್ ಬರಬೇಕಲ್ಲ ಎಂದು ಹಿಂಜರಿಯುವ ಪೋಷಕರನ್ನು, ಅದರಲ್ಲೂ ತಾಯಂದಿರನ್ನು, ನಾನು ಬಹಳ ನೋಡಿದ್ದೇನೆ. ಅಂಗಡಿಯ ಹುಡುಗನ ಹತ್ತಿರ ಬರೆಸಿಕೊಂಡು ಬಂದ, ಅರ್ಥವಾಗದ ಇಂಗ್ಲಿಷಿನ ಅರ್ಜಿಗಳನ್ನೂ ನೋಡಿದ್ದೇನೆ. ಕನ್ನಡದಲ್ಲಿ ಬರೆದರೆ ಸಾಕು. ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಇದೆ, ಬೆರಳಿಗೆ ಒಗ್ಗದವರು ಬಾಯಲ್ಲಿ ಹೇಳಿದರೂ ಅಕ್ಷರವಾಗಿ ಮೂಡುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಯೇ ಆದರೂ ಕರ್ನಾಟಕದಲ್ಲಿ ಕನ್ನಡದ ಅರ್ಜಿಯನ್ನು ಓದಿ ತಿಳಿಸುವವರು ಒಬ್ಬರಾದರೂ ಕಚೇರಿಯಲ್ಲಿ ಇರಲೇಬೇಕು. ಬರೆಯುವುದಾದರೂ ಎಷ್ಟು? ನನ್ನ ದೃಷ್ಟಿಯಲ್ಲಿ ಇಷ್ಟಿದ್ದರೆ ಆಯಿತು:

‘ವಿಷಯ: 8ನೇ ತರಗತಿ ಬಿ ವಿಭಾಗ, ಹಾಜರಿ ಸಂಖ್ಯೆ 23, ಇದೇ 18ರಿಂದ 20ರವರೆಗೆ ರಜೆ. ಮೇಡಂ ಅವರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಮದುವೆ ಇರುವುದರಿಂದ ನನ್ನ ಮಗಳು ಈ ಮೂರು ದಿನ ಶಾಲೆಗೆ ಬರುವುದಿಲ್ಲ. 21ರಂದು ಬರುತ್ತಾಳೆ. ಆ ದಿನಗಳಲ್ಲಿ ಕಿರುಪರೀಕ್ಷೆ, ಪ್ರಯೋಗ ಅಥವಾ ಒಪ್ಪಿಸಬೇಕಾದ ಕೆಲಸ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. ವಿಷಯ ಶಿಕ್ಷಕರಿಗೂ ತಿಳಿಸಬೇಕೆಂದು ಕೋರುತ್ತೇನೆ.’

ಕೆಳಗೆ ತಾಯಿಯ ಅಥವಾ ತಂದೆಯ ಹೆಸರು. ತರಗತಿಯೂ ವಿಭಾಗವೂ ವಿಷಯದ ಸಾಲಿನಲ್ಲೇ ಇರುವುದು ಮುಖ್ಯ, ಏಕೆಂದರೆ ಒಂದೇ ಹೆಸರಿನ ಮೂವರು ಮಕ್ಕಳು ಒಂದೇ ಶಾಲೆಯಲ್ಲಿ ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ಹಿಂದಿರುಗುವ ದಿನವನ್ನು ಬರೆಯುವುದೂ ಅಷ್ಟೇ ಮುಖ್ಯ. ಅಂದು ಮಗು ಬಾರದಿದ್ದರೆ ಶಾಲೆ ವಿಚಾರಿಸಬಹುದು. ಕಾಯಿಲೆಯಾದರೆ ‘ವೈದ್ಯಕೀಯ ಕಾರಣ’ ಎಂದರೆ ಸಾಕು. ಯಾವ ಕಾಯಿಲೆ ಎಂಬುದನ್ನು ಮಗುವಿನ ಆರೈಕೆಗೆ ಅಗತ್ಯವಿದ್ದರೆ ಮಾತ್ರ ಪ್ರತ್ಯೇಕವಾಗಿ ತಿಳಿಸಬಹುದು. ಮೇಲಿನ ಮಾದರಿಯ ಕೊನೆಯ ವಾಕ್ಯವನ್ನು ಮರೆಯಬಾರದು. ಪ್ರೌಢಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರಿರುತ್ತಾರೆ, ತರಗತಿ ಶಿಕ್ಷಕರಿಗೆ ತಿಳಿದ ಸಂಗತಿ ಸಮಾಜ ವಿಜ್ಞಾನದ ಶಿಕ್ಷಕರಿಗೆ ತಿಳಿದಿರುತ್ತದೆ ಎಂಬ ಖಾತರಿಯಿಲ್ಲ. ಶಿಕ್ಷಕರ ಕೊಠಡಿಯಲ್ಲಿ ತರಗತಿವಾರು ಮುಂಗಡ ರಜೆಯ ಒಂದು ಪಟ್ಟಿಯನ್ನು ತೂಗುಹಾಕಿದರೆ ಈ ತೊಂದರೆಯೂ ನೀಗುತ್ತದೆ. ಅದರಲ್ಲಿ ಹೆಸರು ಮತ್ತು ದಿನಾಂಕ ಇರಲಿ, ಕಾರಣ ಬೇಡ.

ಪೋಷಕರು ಒಂದು ವಿಷಯದಲ್ಲಿ ತಪ್ಪು ತಿಳಿಯಬಾರದು. ಮೊದಲೇ ಮೇಲ್ ಮಾಡಿದ ಮಾತ್ರಕ್ಕೆ ಗೈರುಹಾಜರಿಯು ಹಾಜರಿಯಾಗಿಬಿಡುವುದಿಲ್ಲ. ಶಾಲೆಗೆ ಸೇರಿ ಓದುವ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳಿಗೂ ಸಿಬಿಎಸ್‌ಇ ಮಂಡಳಿ ಪರೀಕ್ಷೆ ಬರೆಯುವವರಿಗೂ ಶೇ 75ರಷ್ಟು ಹಾಜರಾತಿ ಬೇಕು. ವೈದ್ಯಕೀಯ ಅಥವಾ ಅಂಥ ಗಂಭೀರ ಕಾರಣಕ್ಕೆ ವಿನಾಯಿತಿ ಕೇಳುವುದಾದರೆ ದಾಖಲೆ ಒದಗಿಸಲೇಬೇಕು. ಶಾಲೆ 220 ದಿನ ನಡೆಯಿತೆಂದುಕೊಂಡರೆ ಅದರಲ್ಲಿ 165 ದಿನ ಮಗು ಬೆಂಚಿನ ಮೇಲೆ ಕುಳಿತಿರಬೇಕು. ಉಳಿದ 55 ದಿನ ಬಹಳವಾಯಿತು ಎಂದು ಜೂನ್ ತಿಂಗಳಿನಲ್ಲಿ ಅನಿಸುತ್ತದೆ. ಡೆಂಗಿ, ಎರಡು ಮದುವೆ, ಒಂದು ತಿರುಪತಿ ಯಾತ್ರೆ ಕಳೆದು ಜನವರಿ ಬರುವ ಹೊತ್ತಿಗೆ ಹಾಗೆ ಅನಿಸುವುದಿಲ್ಲ. ಮೇಲ್ ಮಾಡಿದ್ದೇನಲ್ಲ ಎಂದು ಫೆಬ್ರುವರಿಯಲ್ಲಿ ಮುಖ್ಯ ಶಿಕ್ಷಕರ ಎದುರು ವಾದಿಸುವುದರಲ್ಲಿ ಅರ್ಥವಿಲ್ಲ. ಹಾಗೆಯೇ, ಅಗ್ಗದ ವಿಮಾನ ಟಿಕೆಟ್ ಸಿಕ್ಕಿತೆಂದು ದಸರಾ ರಜೆಗೆ ಮೊದಲಿನ ವಾರವನ್ನೂ ಸೇರಿಸಿಕೊಂಡು ಪ್ರವಾಸ ಹೋಗುವವರು ಮೇಲ್ ಕಳುಹಿಸಿದರೂ ಅದಕ್ಕೆ ‘ಸಾಧ್ಯವಾದರೆ ಮುಂದೂಡಿ’ ಎಂದು ಉತ್ತರಿಸುವ ಹಕ್ಕು ಶಾಲೆಗೆ ಇದ್ದೇ ಇದೆ.

ಈ ವಿಷಯದಲ್ಲಿ ಇಂಗ್ಲೆಂಡ್ ಬಹಳ ಬಿಗಿ. ಅಲ್ಲಿ 2013ರಿಂದ ಈಚೆಗೆ ಅಸಾಧಾರಣ ಸಂದರ್ಭ ಎಂದು ಮುಖ್ಯ ಶಿಕ್ಷಕರಿಗೆ ಮನವರಿಕೆಯಾದರೆ ಮಾತ್ರ ಶಾಲಾ ದಿನಗಳಲ್ಲಿ ರಜೆ ಸಿಗುತ್ತದೆ, ಅದನ್ನೂ ಮುಂಚಿತವಾಗಿಯೇ ಕೇಳಬೇಕು. ಅನುಮತಿಯಿಲ್ಲದೆ ಪ್ರವಾಸ ಹೋದರೆ 2024ರ ಆಗಸ್ಟ್‌ನಿಂದ ಪ್ರತಿ ಮಗುವಿಗೆ ಪ್ರತಿ ಪೋಷಕರ ಮೇಲೂ 80 ಪೌಂಡ್ ದಂಡ ಬೀಳಬಹುದು, 21 ದಿನದೊಳಗೆ ಕಟ್ಟದಿದ್ದರೆ ಅದು 160 ಪೌಂಡ್ ಆಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಊರಿನ ಮದುವೆಗಳನ್ನು ಕ್ರಿಸ್‌ಮಸ್ ರಜೆಯೊಳಗೆ ಇಡಿಸಲು ಪುರೋಹಿತರ ಬಳಿ ಚೌಕಾಸಿ ಮಾಡುವುದೂ, ಧನುರ್ಮಾಸ ಅಡ್ಡ ಬರುವುದೂ ಇದರಿಂದಲೇ. ನಮಗೆ ಆ ದಂಡದ ಪದ್ಧತಿ ಬೇಡ. ಆದರೆ ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಶಾಲೆಯಿಂದ ಬರಬೇಕು ಎಂಬಷ್ಟನ್ನು ಅಲ್ಲಿಂದ ತೆಗೆದುಕೊಳ್ಳಬಹುದು.

ನಾನು ಇಲ್ಲಿಯವರೆಗೆ ಹೇಳಿದ್ದು ಇಮೇಲ್ ಇರುವವರ ಮಾತು. ಸರ್ಕಾರಿ ಶಾಲೆಗಳಲ್ಲಿ ಓದುವ ಎಷ್ಟೋ ಮಕ್ಕಳ ತಂದೆ ತಾಯಿಗೆ ಇಮೇಲ್ ಇಲ್ಲ. ಇದ್ದರೂ ಅದು ಮೊಬೈಲ್ ಖರೀದಿಸಿದ ದಿನ ಅಂಗಡಿಯವರು ತೆರೆದುಕೊಟ್ಟದ್ದು, ವಿಳಾಸ ಏನೆಂಬುದು ಅವರಿಗೇ ಗೊತ್ತಿರುವುದಿಲ್ಲ. ಅಲ್ಲಿ ಇಮೇಲನ್ನು ಕಡ್ಡಾಯ ಮಾಡಿದರೆ ಹಳೆಯ ತೊಂದರೆಯ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ. ಅಂಥವರಿಗೆ ಫೋನ್ ಕರೆ, ಧ್ವನಿ ಸಂದೇಶ ಅಥವಾ ಶಾಲೆಯ ಬಾಗಿಲಿಗೆ ಬಂದು ಹೇಳುವ ಮಾತು ಸಾಕು; ಅದನ್ನು ಮುಖ್ಯ ಶಿಕ್ಷಕರು ಒಂದು ಪುಸ್ತಕದಲ್ಲಿ ಬರೆದುಕೊಂಡು ದಿನಾಂಕ ಹಾಕಿದರೆ ಅದಕ್ಕೂ ಮೇಲ್‌ಗೆ ಇರುವಷ್ಟೇ ಬೆಲೆ ಇರಬೇಕು. ಕಾಫಿ ಕೊಯ್ಲಿಗೆ ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ, ಕಬ್ಬು ಕಡಿಯಲು ಕಾರ್ಖಾನೆಗಳ ಸೀಮೆಗೆ ಕುಟುಂಬಸಮೇತ ಹೋಗುವವರ ಮಕ್ಕಳ ವಿಷಯದಲ್ಲಂತೂ ಹೊರಡುವ ಮೊದಲಿನ ಒಂದು ಮಾತಿಗೆ ಬೇರೆಯದೇ ತೂಕ. ಎಲ್ಲಿಗೆ, ಎಷ್ಟು ತಿಂಗಳು ಎಂಬುದು ಮೊದಲೇ ತಿಳಿದರೆ ಮಗುವನ್ನು ಹೋದ ಊರಿನ ಶಾಲೆಗೋ ಟೆಂಟ್ ಶಾಲೆಗೋ ಸೇರಿಸುವ, ಅಥವಾ ಋತುಮಾನದ ವಸತಿ ವ್ಯವಸ್ಥೆಯಲ್ಲಿ ಊರಲ್ಲೇ ಉಳಿಸಿಕೊಳ್ಳುವ ಪ್ರಯತ್ನವನ್ನಾದರೂ ಮಾಡಬಹುದು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಬೇರೆ ಶಾಲೆಗೆ ಹೋಗುವ ಹಕ್ಕನ್ನು ಕೊಟ್ಟಿದೆ, ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು ಎಂದೂ ಹೇಳಿದೆ. ತಿಳಿಸದೆ ಹೋದ ಮಗು ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರಾಗಿ ಉಳಿದು, ಕೊನೆಗೆ ಶಾಲೆಯಿಂದ ಹೊರಗುಳಿದ ಮಕ್ಕಳ ಪಟ್ಟಿಗೆ ಸೇರುತ್ತದೆ. ಬೈಗುಳದ ಭಯವಿಲ್ಲದೆ ‘ಗುಳೆ ಹೊರಟಿದ್ದೇವೆ ಸಾರ್’ ಎಂದು ಹೇಳಲು ತಂದೆಗೆ ಸಾಧ್ಯವಾಗುವಂಥ ಶಾಲೆ ಇದ್ದರೆ ಮಾತ್ರ ಆ ಮಾಹಿತಿ ಬರುತ್ತದೆ.

ಶಿಕ್ಷಕರ ಮೇಲೆ ಇನ್ನೊಂದು ಹೊರೆಯೇ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುವುದು ಖಂಡಿತ. ಚುನಾವಣೆ, ಸಮೀಕ್ಷೆ, ವಿದ್ಯಾರ್ಥಿಗಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಮಾಹಿತಿ ತುಂಬುವ ಕೆಲಸ, ಬಿಸಿಯೂಟದ ಲೆಕ್ಕ, ಇವುಗಳ ನಡುವೆ ಪಾಠ ಮಾಡುವುದೇ ಕಷ್ಟವಾಗಿರುವಾಗ ಮೇಲ್‌ಗಳಿಗೂ ಉತ್ತರಿಸಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದಲೇ ಉತ್ತರ ಒಂದೇ ಸಾಲಿನದಾಗಿರಲಿ ಎನ್ನುತ್ತೇನೆ. ‘ಗಮನಿಸಿದ್ದೇನೆ, 19ರಂದು ವಿಜ್ಞಾನದ ಕಿರುಪರೀಕ್ಷೆ ಇದೆ, 22ರಂದು ಬರೆಯಬಹುದು’ ಎಂದು ಬರೆಯಲು ಒಂದು ನಿಮಿಷ ಬೇಕಾಗುತ್ತದೆ, ಹಾಗೆ ಬರೆಯದ್ದರಿಂದ ಆಮೇಲೆ ಎದುರಾಗುವ ವಾದ, ಮರುಪರೀಕ್ಷೆ, ಮುಖ್ಯ ಶಿಕ್ಷಕರ ಕೊಠಡಿಯ ಪಂಚಾಯಿತಿಗೆ ಅರ್ಧ ದಿನ ಹೋಗುತ್ತದೆ. ಮೇಲ್ ಬಂದ ಎರಡು ಕೆಲಸದ ದಿನಗಳೊಳಗೆ, ಶಾಲೆಯ ವೇಳೆಯಲ್ಲಿ ಉತ್ತರಿಸಿದರೆ ಸಾಕು. ರಾತ್ರಿ ಹತ್ತಕ್ಕೆ ಮೇಲ್ ಮಾಡಿ ಹತ್ತೂಕಾಲಕ್ಕೆ ‘ನೋಡಿದಿರಾ ಮಿಸ್’ ಎಂದು ಫೋನ್ ಮಾಡುವ ಪೋಷಕರಿಗೆ ಈ ಮಾತನ್ನು ಶಾಲೆಯೇ ವರ್ಷದ ಆರಂಭದಲ್ಲಿ ಸ್ಪಷ್ಟವಾಗಿ ಹೇಳಿಬಿಡಬೇಕು. ತಪ್ಪಿದ ಪಾಠವನ್ನು ಮನೆಗೆ ಬಂದು ಪ್ರತ್ಯೇಕವಾಗಿ ಹೇಳಿಕೊಡಬೇಕೆಂದು ಯಾರೂ ನಿರೀಕ್ಷಿಸಬಾರದು. ಯಾವ ಪುಟದಿಂದ ಯಾವ ಪುಟದವರೆಗೆ ನಡೆಯಿತು ಎಂಬುದನ್ನು ತಿಳಿಸಿದರೆ, ಗೆಳೆಯರ ನೋಟ್ಸ್ ನೋಡಿ ಬರೆದುಕೊಳ್ಳುವುದು ಮಗುವಿನ ಕೆಲಸ. ಹಾಗೆ ನೋಡಿದರೆ ಇದು ಹೊಸ ಹೊರೆಯೂ ಅಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಮಗುವಿನ ಹಾಜರಾತಿ ಮತ್ತು ಕಲಿಕೆಯ ಬಗ್ಗೆ ಪೋಷಕರ ಸಭೆ ನಡೆಸಿ ತಿಳಿಸುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಸೇರಿಸಿದೆ. ಹಾಜರಾತಿಯ ಮಾತು ಮನೆ ಮತ್ತು ಶಾಲೆಯ ನಡುವೆ ಎರಡೂ ಕಡೆಯಿಂದ ಆಡಬೇಕಾದದ್ದು ಎಂಬ ಭಾವನೆ ಅದರಲ್ಲೇ ಇದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಶಾಲೆಗಳು ಆರಂಭವಾಗುವ ಮೊದಲ ವಾರದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳು ತಮ್ಮ ವ್ಯಾಪ್ತಿಯ ಸರ್ಕಾರಿ, ಅನುದಾನಿತ ಮತ್ತು ಅನುದಾನರಹಿತ ಶಾಲೆಗಳಿಗೆಲ್ಲ ಒಂದು ಸುತ್ತೋಲೆ ಹೊರಡಿಸಲಿ. ರಜೆಯ ಸೂಚನೆಗೆ ಒಂದು ಇಮೇಲ್ ವಿಳಾಸ ಮತ್ತು ಒಂದು ದೂರವಾಣಿ ಸಂಖ್ಯೆಯನ್ನು ಶಾಲೆಯ ಸೂಚನಾ ಫಲಕದಲ್ಲೂ ಡೈರಿಯಲ್ಲೂ ಪ್ರಕಟಿಸಬೇಕು. ಆ ವಿಳಾಸಕ್ಕೆ ಬಂದದ್ದನ್ನು ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನೋಡುವವರು ಯಾರು ಎಂಬುದನ್ನು ಮುಖ್ಯ ಶಿಕ್ಷಕರು ಲಿಖಿತವಾಗಿ ನಿಗದಿಪಡಿಸಬೇಕು. ಅವರು ರಜೆಯಲ್ಲಿದ್ದರೆ ಬೇರೆ ಯಾರು ಎಂಬುದನ್ನೂ ಹೇಳಬೇಕು. ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇರಬಾರದು. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಗುವಿನ ರಜೆಯ ಕಾರಣ ಬರೆಯಬಾರದು ಎಂಬ ಸೂಚನೆಯೂ ಅದರಲ್ಲಿರಲಿ. ಇದಕ್ಕೆ ಹಣ ಬೇಕಿಲ್ಲ, ಹೊಸ ಆ್ಯಪ್ ಬೇಕಿಲ್ಲ. ಆ್ಯಪ್ ಮಾರುವವರು ಶಾಲೆಗಳ ಬಾಗಿಲಲ್ಲಿ ಕಾಯುತ್ತಿರುತ್ತಾರೆ ಎಂಬುದು ಬೇರೆ ಮಾತು.

ಇದರೊಡನೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೂ ಕನ್ನಡ ಶಿಕ್ಷಕರಿಗೂ ಒಂದು ವಿನಂತಿ. ಪತ್ರಲೇಖನದ ಪ್ರಶ್ನೆಯಲ್ಲಿ ‘ನಿಮಗೆ ಜ್ವರ ಬಂದಿದೆ ಎಂದು ಭಾವಿಸಿ ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ ಬರೆಯಿರಿ’ ಎಂದು ಕೇಳುವುದು ನಾನು ವಿದ್ಯಾರ್ಥಿಯಾಗಿದ್ದಾಗಲೂ ಇತ್ತು. ಮುಂದಿನ ಸಲ ‘ನಿಮ್ಮ ಅಕ್ಕನ ಮದುವೆ ಮುಂದಿನ ವಾರವಿದೆ, ತಪ್ಪಿಹೋಗುವ ಪಾಠ ಮತ್ತು ಪರೀಕ್ಷೆಗಳ ಬಗ್ಗೆ ವಿಚಾರಿಸಿ ನಿಮ್ಮ ತರಗತಿ ಶಿಕ್ಷಕರಿಗೆ ಇಮೇಲ್ ಬರೆಯಿರಿ’ ಎಂದು ಕೇಳಿ ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಶಿವಮೊಗ್ಗ